ಮಾನಪ್ಪನ ಹೊಸ ಅಡಿಗಲ್ಲು

ಹುಬ್ಬಳ್ಳಿಯ ಟೆಂಪೋ ನಮ್ಮ ಮನೆಯೆದುರು ನಿಂತಾಗ ನಾನು ಕಟ್ಟೆಯ ಮೇಲೆ ಕೂತು ಮೆಂತೆಪಲ್ಲೆ ಸೋಸುತ್ತಿದ್ದೆ. ಡ್ರೈವರನ ಬಾಜೂಕಿನಿಂದ ಮಾನಪ್ಪ ಕಂಬಾರ ಇಳಿದ. ಬೆಳಗಿನ ಬಸ್ಸಿಗೆ ಹೋಗುವಾಗ ಉಟ್ಟಿದ್ದ ಬಿಳಿ ಧೋತರದ ತುಂಬ ಮಸಿ, ಗ್ರೀಸು. ಮುಖದಲ್ಲಿ ಮಾತ್ರ ಸೊಸೆಯನ್ನು ಗೊತ್ತು ಮಾಡಿಕೊಂಡು ಬಂದವನ ಗೆಲುವು.

"ಅಕ್ಕೋರ, ಆ ಪಲ್ಲೆ ಆಮ್ಯಾಗ ಸೋಸ್ರಿ. ಮೊದಲ ಇಲ್ಲಿ ಬಂದ ನೋಡ್ರಿ!" ಎಂದು ರಸ್ತೆಯ ಆಚೆಯಿಂದಲೇ ಕೂಗಿದ.

ಶಲವಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವುದನ್ನು ಬಿಟ್ಟು ಎಷ್ಟೋ ವರ್ಷಗಳಾದವು. ಊರಿಗೆ ನಾನು ಇನ್ನೂ ಅಕ್ಕೋರು. ಮಾನಪ್ಪನ ಕುಲುಮೆ, ನಮ್ಮ ಕಡೆಯ ಮಾತಿನಲ್ಲಿ ಕಂಬಾರಸಾಲಿ, ನಮ್ಮ ಮನೆಯ ಎದುರಿಗೇ ಇದೆ. ನಡುವೆ ನವಲಗುಂದದ ಬಸ್ಸು ಹಾಯುವ ರಸ್ತೆ. ಅವನ ಸುತ್ತಿಗೆಯ ಸಪ್ಪಳ ಕೇಳುತ್ತಲೇ ನಮ್ಮ ಮನೆಯಲ್ಲಿ ಬೆಳಗಿನ ಚಹಾ ಕುದಿಯುತ್ತದೆ.

ಪಲ್ಲೆಯ ಬುಟ್ಟಿ ಬದಿಗಿಟ್ಟು ಹೋದೆ. ಟೆಂಪೋದಿಂದ ಗೋಣಿಚೀಲ ಸುತ್ತಿದ ಭಾರವೊಂದನ್ನು ಇಳಿಸಲು ಹಲಗೆ ಬೇಕಾಯಿತು, ಹಗ್ಗ ಬೇಕಾಯಿತು, ಚಹಾದಂಗಡಿಯಲ್ಲಿ ಕೂತಿದ್ದವರೆಲ್ಲ ಬೇಕಾದರು. ಗೋಣಿಚೀಲ ಬಿಚ್ಚಿದಾಗ ಕಂಡದ್ದು ಕಾದ ಕಬ್ಬಿಣ ಇಟ್ಟು ಬಡಿಯುವ ಉಕ್ಕಿನ ಹೊಸ ಅಡಿಗಲ್ಲು. ಒಂದು ಕಡೆ ಚೂಪಾದ ಕೊಂಬು, ಇನ್ನೊಂದು ಕಡೆ ಚೌಕಾದ ಬಾಲ, ನಡುವೆ ಮುಖ ಕಾಣುವಷ್ಟು ನುಣುಪಾದ ಮೈ.

ಅವನ ಹಳೆಯ ಅಡಿಗಲ್ಲು ಅಜ್ಜನ ಕಾಲದ್ದು. ಬಡಿದು ಬಡಿದು ನಡುವೆ ತಗ್ಗು ಬಿದ್ದಿತ್ತು, ಕೊಂಬಿನ ತುದಿ ಮುರಿದಿತ್ತು. ಸಪಾಟಾದ ಅಲಗು ಬಡಿಯಬೇಕೆಂದರೆ ಮಾನಪ್ಪ ಅಂಚಿನಲ್ಲಿ ಬೆರಳಗಲದ ಜಾಗ ಹುಡುಕಿಕೊಳ್ಳುತ್ತಿದ್ದ. ಒಂದಿಷ್ಟು ರೈತರು ಅಣ್ಣಿಗೇರಿಯ ಅಂಗಡಿಗಳಿಂದ ತಯಾರು ಮಾಲು ತರತೊಡಗಿದ್ದರು. "ಅವರು ಹೋಗಿದ್ದು ನನ್ನ ಕೈ ನೋಡಿ ಅಲ್ರಿ, ಈ ತಗ್ಗು ನೋಡಿ," ಎನ್ನುತ್ತಿದ್ದ. ಹಾಗೆ ಹೇಳುವಾಗ ಅವನ ಧ್ವನಿಯಲ್ಲಿ ಅಳುಕಿರಲಿಲ್ಲ. ಒಳ್ಳೆಯ ಅಡಿಗಲ್ಲೊಂದು ಬಂದರೆ ಹೋದವರೆಲ್ಲ ತಿರುಗಿ ಬರುತ್ತಾರೆ ಎಂದು ಅವನಿಗೆ ಖಾತ್ರಿಯಿತ್ತು.

ಅವನ ಹೆಂಡತಿ ಕಾಳವ್ವ ಒಳಗಿನಿಂದ ಆರತಿಯ ತಟ್ಟೆ ಹಿಡಿದುಕೊಂಡು ಬಂದಳು. ಆರತಿ ಬೆಳಗುವ ಮೊದಲು, ಮಕ್ಕಳ ಜ್ವರ ನೋಡುವಂತೆ, ಅಂಗೈಯ ಹಿಂಬದಿಯಿಂದ ಅಡಿಗಲ್ಲನ್ನು ಮುಟ್ಟಿ ನೋಡಿದಳು.

"ಹೆಂಗೈತಿ?" ಎಂದ ಮಾನಪ್ಪ.

"ಛಂದ ಐತ್ರಿ."

"ಛಂದ? ಅಷ್ಟ? ಅಲ್ಲಬೇ, ಇಡೀ ತಾಲೂಕಿನ್ಯಾಗ ಇಂಥಾದ್ದು ಇನ್ನೊಂದ ತೋರ್ಸು ನನಗ."

"ಇಡೀ ತಾಲೂಕು ನಾ ಎಲ್ಲಿ ನೋಡೇನ್ರಿ? ಈ ಸಾಲಿ ಬಿಟ್ಟು ಎಲ್ಲಿಗಿ ಕರಕೊಂಡ ಹೋಗೀರಿ?"

ಸೇರಿದವರೆಲ್ಲ ನಕ್ಕರು. ಬಸ್‌ಸ್ಟ್ಯಾಂಡಿನ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟಿರುವ ಶಾಕೀರ್ ಕೂಡ ಹಗ್ಗ ಹಿಡಿಯಲು ಬಂದಿದ್ದ. ಕಬ್ಬಿಣದ ಕೆಲಸದಲ್ಲಿ ಇಬ್ಬರೂ ಪ್ರತಿಸ್ಪರ್ಧಿಗಳೇ. ಆದರೂ ಅವನಿಗೆ ಮಾನಪ್ಪ ಕಾಕಾ, ಕಾಳವ್ವ ಕಾಕು.

"ಕಾಕಾ, ಮದಿವ್ಯಾಗ ಕಾಕೂನ್ನರ ಹಿಂಗ ನೋಡಿದ್ದೋ ಇಲ್ಲೋ?" ಎಂದ ಶಾಕೀರ್.

"ಅಕಿನ್ನ ನೋಡಾಕ ನಮ್ಮಪ್ಪ ಹೋಗಿದ್ದ. ಇದನ್ನ ನಾನ ಹೋಗಿ, ನಾನ ಆರಿಸಿ ತಂದೇನಿ."

"ಅದಕ್ಕ ನಿಮ್ಮಪ್ಪ ತಂದಿದ್ದು ಇನ್ನೂ ಬಾಳಿಕಿ ಬಂದೈತಿ," ಎಂದು ಕಾಳವ್ವ ಆರತಿ ಬೆಳಗಿದಳು.

ಅಡಿಗಲ್ಲು ಕೂರುವ ಜಾಗ ಮೊದಲೇ ಸಿದ್ಧವಾಗಿತ್ತು. ಹಳೆಯದು ಒಳಗೆ, ಕತ್ತಲೆಯ ಮೂಲೆಯಲ್ಲಿ, ನೆಲಕ್ಕೆ ಊರಿತ್ತು. ಹೊಸದು ಬಸ್ಸಿನಲ್ಲಿ ಹೋಗುವವರಿಗೂ ಕಾಣಬೇಕು ಎಂದು ಮಾನಪ್ಪನ ಆಸೆ. ಗೌಂಡಿಯನ್ನು ಕರೆಸಿ ಸಾಲಿಯ ಮುಂಭಾಗದಲ್ಲಿ ಸಿಮೆಂಟಿನ ಗಟ್ಟಿಮುಟ್ಟಾದ ಕಟ್ಟೆ ಕಟ್ಟಿಸಿ, ನಾಲ್ಕು ಬೋಲ್ಟು ಊರಿಸಿ, ಹಸಿ ಗೋಣಿ ಹೊದಿಸಿ ದಿನಾಲೂ ನೀರು ಹೊಡೆದಿದ್ದ. ಮೇಲೆ ಕೆಂಪು ಬಣ್ಣ ಬೇರೆ. ಅಡಿಗಲ್ಲನ್ನು ಆ ಬೋಲ್ಟುಗಳ ಮೇಲೆ ಇಳಿಸಿ ನಟ್ಟು ಬಿಗಿದ ಮೇಲೆ ಅದು ಅಲುಗುವ ಮಾತೇ ಇರಲಿಲ್ಲ. ಮಾನಪ್ಪ ಅದರ ಸುತ್ತ ನಡೆದು, ಹೊಸ ಟವೆಲ್ಲಿನಿಂದ ಒರೆಸಿದ. ಯಾರೋ ಮರೆತು ಅದರ ಮೇಲೆ ಚಹಾದ ಕಪ್ಪು ಇಟ್ಟರು. ಅವನು ಕಪ್ಪನ್ನು ಎತ್ತಿ ಅವರ ಕೈಗೆ ಕೊಟ್ಟು, ಬಿದ್ದ ಹನಿಯನ್ನು ತನ್ನ ಅಂಗಿಯ ತೋಳಿನಿಂದ ಒರೆಸಿದ. ಬೈಯಲಿಲ್ಲ.

ಅಮಾವಾಸ್ಯೆ ಎದುರಿಗಿತ್ತು. ಅಮಾವಾಸ್ಯೆಗೆ ಕಂಬಾರರು ಬೆಂಕಿ ಹೂಡುವುದಿಲ್ಲ. ಅದು ಕಳೆದ ಮರುದಿನ ಸೋಮವಾರ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತುಗಳಿಗೆ ಬಿಡುವಾದ ದಿನ ರೈತರೆಲ್ಲ ಸಾಮಾನು ಹಿಡಿದು ಸಾಲಿಗೆ ಬರುತ್ತಾರೆ. ಆ ಸೋಮವಾರವೇ ಮೊದಲ ಪೆಟ್ಟು ಎಂದು ಮಾನಪ್ಪ ಸಾರಿಬಿಟ್ಟ. ಮೊದಲ ಕೆಲಸ ಕುಬೇರಪ್ಪನವರದು. ದೊಡ್ಡ ಹೊಲದವರು, ಮಾತೂ ದೊಡ್ಡದು, ಹಿಂದಿನ ವರ್ಷ ಅಣ್ಣಿಗೇರಿಯಿಂದ ಮಾಲು ತಂದವರಲ್ಲಿ ಮೊದಲಿಗರು. ಹೊಲ ಹರಗುವ ಕುಂಟಿಯ ತಳದಲ್ಲಿ ಇರುತ್ತದಲ್ಲ ಉದ್ದನೆಯ ಅಲಗು, ಕುಡ, ಅದನ್ನು ಲಾರಿಯ ಸ್ಪ್ರಿಂಗಿನ ಕಮಾನ್ ಪಟ್ಟಿಯಿಂದ ಹೊಸದಾಗಿ ಮಾಡಿಕೊಡಬೇಕು. ರೋಹಿಣಿ ಮಳೆ ಒಂದು ಸುತ್ತು ಬಿದ್ದಿತ್ತು. ಹೆಸರು ಬಿತ್ತುವ ಆತುರ ಎಲ್ಲರಿಗೂ ಇತ್ತು.

ಸೋಮವಾರ ಬೆಳಿಗ್ಗೆ ನಾನೂ ನಮ್ಮ ಕಟ್ಟೆಯ ಮೇಲೆ ಜಾಗ ಹಿಡಿದೆ.

ಇವರಿಬ್ಬರೂ ಕೆಲಸ ಮಾಡುವ ಬಗೆಯನ್ನು ಇಲ್ಲಿ ಹೇಳಬೇಕು. ಮಾನಪ್ಪ ಕೂತು ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಸಣ್ಣ ಸುತ್ತಿಗೆ ಹಿಡಿಯುತ್ತಾನೆ. ಕಾಳವ್ವ ಸೀರೆಯ ಕಚ್ಚೆ ಬಿಗಿದು ನಿಂತು ದೊಡ್ಡ ಸುತ್ತಿಗೆ, ಘಣ, ಎತ್ತುತ್ತಾಳೆ. ಮದುವೆಯಾಗಿ ಬಂದಂದಿನಿಂದ ಹಾಗೆಯೇ. ಕೆಲಸದ ಹೊತ್ತಿನಲ್ಲಿ ಇಬ್ಬರೂ ಬಾಯಿ ತೆರೆಯುವುದಿಲ್ಲ. ಅವನ ಸುತ್ತಿಗೆ ಎಲ್ಲಿ ಟಕ್ ಎಂದಿತೋ ಅಲ್ಲಿ ಅವಳ ಘಣ ಬೀಳಬೇಕು. ಮೆಲ್ಲಗೆ ಟಕ್ ಎಂದರೆ ಮೆಲ್ಲಗೆ, ಜೋರಾಗಿ ಎಂದರೆ ಜೋರಾಗಿ. ಕಬ್ಬಿಣದ ಕೆಂಪು ಇಳಿಯುತ್ತ ಬಂದಾಗ ಅವನು ಬರಿಯ ಅಡಿಗಲ್ಲಿನ ಅಂಚಿಗೆ ಟಕ್ ಟಕ್ ಎಂದು ಎರಡು ಸಲ ಬಡಿದರೆ, ಎತ್ತಿದ ಘಣವನ್ನೂ ಅವಳು ಗಾಳಿಯಲ್ಲೇ ತಡೆಯಬೇಕು. ಆರಿದ ಕಮಾನ್ ಪಟ್ಟಿಗೆ ಒಂದು ಪೆಟ್ಟು ಹೆಚ್ಚಾದರೂ ಸೀಳುತ್ತದೆ.

ತೆಂಗಿನಕಾಯಿ ಒಡೆದರು. ಪಟ್ಟಿ ಹಳದಿಗೆ ತಿರುಗುವಷ್ಟು ಕಾದು ಅಡಿಗಲ್ಲಿಗೆ ಬಂತು. ಮೊದಲ ಪೆಟ್ಟು ಬಿತ್ತು.

ಸಪ್ಪಳ ಬಸ್‌ಸ್ಟ್ಯಾಂಡಿನವರೆಗೆ ಹೋಗಿರಬೇಕು. ಠಣ್ ಎಂದು ಹೊರಟು ಬಹಳ ಹೊತ್ತು ಗುಂಯ್ ಎಂದು ನಿಂತೇ ಇತ್ತು. ಜನ ಹೋ ಎಂದರು. ಕುಬೇರಪ್ಪನವರು, "ಏ ಮಾನಪ್ಪ, ಗುಡಿ ಗಂಟಿ ತಂದೀಯೋ ಅಡಗಲ್ಲ ತಂದೀಯೋ?" ಎಂದರು. ಮಾನಪ್ಪನ ಮುಖ ಅರಳಿತು. ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದವರ ಕಡೆ ಒಮ್ಮೆ ತಿರುಗಿ ಮತ್ತೆ ಇಕ್ಕಳ ಸರಿಪಡಿಸಿಕೊಂಡ.

ಪೆಟ್ಟಿನ ಮೇಲೆ ಪೆಟ್ಟು ಬಿದ್ದವು. ನಾನು ಕಾಳವ್ವನನ್ನು ನೋಡುತ್ತಿದ್ದೆ. ದಿನಾ ಅವಳ ಘಣ ಬಿದ್ದಲ್ಲಿ ಒಂದು ಕ್ಷಣ ವಿಶ್ರಾಂತಿ ತೆಗೆದುಕೊಂಡು ಏಳುತ್ತಿತ್ತು. ಅಂದು ಬಿದ್ದ ಕೂಡಲೇ ಚಿಮ್ಮಿ ಮೇಲೇಳುತ್ತಿತ್ತು, ಅವಳು ಅದನ್ನು ಹಿಡಿದು ತರಬೇಕಾಗುತ್ತಿತ್ತು. ಅಲಗಿನ ತುದಿ ತೆಳ್ಳಗಾಗಿ ಬಂತು, ಕೆಂಪು ಕಂದಿತು. ಮಾನಪ್ಪನ ಸುತ್ತಿಗೆ ಅಂಚಿಗೆ ಆಡಿದ್ದು ನನಗೆ ಕಂಡಿತು, ಕೇಳಿಸಲಿಲ್ಲ. ಕಾಳವ್ವನ ಕಣ್ಣು ಅಲಗಿನ ಮೇಲಿತ್ತು. ಘಣ ಇಳಿಯಿತು.

ಅಲಗಿನ ತುದಿಯಲ್ಲಿ ಹೆಬ್ಬೆಟ್ಟಿನ ಉದ್ದದ ಸೀಳು ಬಿತ್ತು.

ಅಡಿಗಲ್ಲಿನ ಗುಂಯ್‌ಗುಡುವಿಕೆ ಇನ್ನೂ ನಿಂತಿರಲಿಲ್ಲ. ಕುಬೇರಪ್ಪನವರು ಸಿಟ್ಟಾಗಲಿಲ್ಲ, ನಗೆಯಾಡಿದರು. ಅದೇ ಕೆಟ್ಟದಾಯಿತು. "ಇರ್ಲಿ ಬಿಡೋ. ಕಾಳವ್ವನ ಕಿವಿ ಕಡಿಮಿ ಆದಂಗ ಕಾಣ್ತಾವ. ವಯಸ್ಸಾತಲ್ಲ. ಹೊಸಾ ಅಡಗಲ್ಲ ತಂದಿ, ಇನ್ನ ಮ್ಯಾಲ ಬಡಿಯಾಕ ಒಂದ ಮಷೀನ್ ತಂದ್ಬಿಡು. ಅಕಿ ಒಳಗ ರೊಟ್ಟಿ ಬಡೀಲಿ."

ಕೆಲವರು ನಕ್ಕರು. ಕಾಳವ್ವ ಗಂಡನ ಕಡೆ ನೋಡಿದಳು. ಮಾನಪ್ಪ ಸೀಳಿದ ಅಲಗನ್ನು ತಿರುವಿ ತಿರುವಿ ನೋಡುತ್ತಿದ್ದ. "ನಾಳಿ ಬೇರೆ ಪಟ್ಟಿ ಹಚ್ಚಿ ಮಾಡಿಕೊಡ್ತೇನ್ರಿ ಸಾವ್ಕಾರ್ರ," ಎಂದನೇ ಹೊರತು ಬೇರೆ ಏನೂ ಹೇಳಲಿಲ್ಲ. ಉಳಿದ ರೈತರ ಕಳೆ ಕೀಳುವ ಕುರಪಿ, ಕುಡಗೋಲುಗಳನ್ನು ಸಣ್ಣ ಸುತ್ತಿಗೆಯಿಂದ ತಾನೊಬ್ಬನೇ ಬಡಿದು ಮುಗಿಸಿದ.

ಮಧ್ಯಾಹ್ನ ಕಾಳವ್ವ ನಮ್ಮ ಕಟ್ಟೆಗೆ ಬಂದು ಕೂತಳು. ಚಹಾ ಕೊಟ್ಟೆ. ಬಲಗೈಯಲ್ಲಿ ಕಪ್ಪು ಹಿಡಿಯಲು ಹೋಗಿ, ಬಿಟ್ಟು, ಎಡಗೈಯಲ್ಲಿ ಹಿಡಿದಳು. ಮಣಿಕಟ್ಟು ಊದಿತ್ತು. ಒಳಗೆ ಹೋಗಿ ಉಪ್ಪು ಹಾಕಿದ ಬಿಸಿನೀರಿನ ಪಾತ್ರೆ ತಂದು ಅವಳ ಮುಂದೆ ಇಟ್ಟೆ. ಕೈ ಅದ್ದಿ ಕಣ್ಣು ಮುಚ್ಚಿದಳು.

"ಅಕ್ಕೋರ, ನನ್ನ ಕಿವಿ ಅಗದಿ ಚೊಲೋ ಅದಾವ್ರಿ. ನಿಮ್ಮ ಕುಕ್ಕರ್ ಎಷ್ಟ ಸೀಟಿ ಹೊಡೀತು ಅನ್ನೂದನ್ನ ಅಲ್ಲಿಂದ ಹೇಳ್ತೇನಿ."

"ಗೊತ್ತದ. ನಾನೂ ಎಣಿಸೂದು ಮರತಾಗ ನಿನ್ನ ಕೇಳೇನಲ್ಲ. ಮತ್ತ ಇವತ್ತ ಏನಾತು?"

"ಆ ಕಲ್ಲು ಬಾಯಿ ಮುಚ್ಚೂದಿಲ್ರಿ. ನಾ ಒಂದ ಪೆಟ್ಟ ಹೊಡದ್ರ ಅದು ಹತ್ತ ಸಲ ಒದರತೈತಿ. ಅದರಾಗ ಅವರ ಸುತ್ತಿಗಿ ಎಲ್ಲಿ ಕೇಳಸ್ಬೇಕು? ಪೆಟ್ಟ ಒಳಗ ಇಳಿಯೂದಿಲ್ಲ, ತಿರುಗಿ ನನ್ನ ಕೈಗೇ ಬರತೈತಿ."

"ಹಂಗಂತ ಮಾನಪ್ಪಗ ಹೇಳಬಾರದೇನು?"

"ಹೊಸಾ ಮದಿವಿ ಮದಲಿಂಗನಂಗ ಆಗ್ಯಾರ್ರಿ ಅವರು. ಏನ್ ಹೇಳಿದ್ರೂ ಕಲ್ಲಿನ್ಯಾಗ ತಪ್ಪ ಹುಡಕಾಕತ್ತಾಳ ಅಂತಾರ." ಅವಳು ನೀರಿನಿಂದ ಕೈ ತೆಗೆದು ಸೆರಗಿನಿಂದ ಒರೆಸಿಕೊಂಡಳು. "ಅಷ್ಟ ಮಂದಿ ಮುಂದ ನನಗ ಕಿವುಡಿ ಅಂದಾಗ ಬಾಯಿ ಬಿಡಲಿಲ್ಲಲ್ರಿ, ಅದು ಕೈಗಿಂತ ಹೆಚ್ಚ ನೋವಾತು. ಇರ್ಲಿ. ಘಣ ಬಿಟ್ಟು ನಾ ಒಳಗ ಹೋಗಾಕಿ ಅಲ್ಲ. ನಾ ಹೇಳೂದಿಲ್ಲ, ಅವರ ಕೈಗೇ ಗೊತ್ತಾಗೂ ಹಂಗ ಮಾಡ್ತೇನಿ."

ಮರುದಿನ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕುತ್ತಿದ್ದಾಗ ಮಾನಪ್ಪ ಒಬ್ಬನೇ ಸಾಲಿಯಲ್ಲಿ ಕೂತು ಏನೋ ಸುತ್ತುತ್ತಿದ್ದ. ಹಳೆಯ ಸೈಕಲ್ ಟ್ಯೂಬನ್ನು ಸೀಳಿ, ಘಣದ ಹಿಡಿಕೆಗೆ ಒತ್ತೊತ್ತಾಗಿ ಸುತ್ತಿ, ತುದಿಯನ್ನು ತಂತಿಯಿಂದ ಕಟ್ಟುತ್ತಿದ್ದ. ಹೆಂಡತಿಯ ಊದಿದ ಕೈ ಅವನಿಗೂ ಕಂಡಿತ್ತು. ಮಾತು ಮಾತ್ರ ಹೊರಗೆ ಬಂದಿರಲಿಲ್ಲ.

ಕುಬೇರಪ್ಪನವರು ಬಂದರು. ಅವರೊಂದಿಗೆ ನಿನ್ನೆಯ ಮಂದಿಯಲ್ಲಿ ಅರ್ಧ ಮಂದಿ, ತಮಾಷೆ ನೋಡಲು. ಶಾಕೀರ್ ಅಂಗಡಿ ತೆರೆಯುವ ಮೊದಲು ಸುಮ್ಮನೆ ಇಣುಕಿದ್ದ. ಮಾನಪ್ಪ ಬೆಂಕಿ ಹೂಡಿ ತಿರುಗಿ ನೋಡುತ್ತಾನೆ, ಅವನು ಕೂರುವ ಮಣೆಯ ಮೇಲೆ ಕಾಳವ್ವ ಕೂತಿದ್ದಾಳೆ. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಸಣ್ಣ ಸುತ್ತಿಗೆ.

"ಏನಬೇ ಇದು?"

"ಇವತ್ತ ನೀವು ಎತ್ರಿ. ನಾ ಹಿಡೀತೇನಿ."

"ಹುಚ್ಚು ಹಿಡದೈತೇನು? ಮಂದಿ ನೋಡಾಕತ್ತಾರ."

"ನೋಡ್ಲಿ ಬಿಡ್ರಿ. ನನಗ ಕಿವಿ ಇಲ್ಲ, ವಯಸ್ಸಾಗೈತಿ. ಕುಂತ ಮಾಡೂ ಕೆಲಸ ನನಗಿರ್ಲಿ."

ಕುಬೇರಪ್ಪನವರು ಚಪ್ಪಾಳೆ ತಟ್ಟಿದರು. "ಮಾನಪ್ಪ, ಇದು ನಿನಗ ಬಡ್ತಿಯೋ, ಹಿಂಬಡ್ತಿಯೋ?"

"ಸಾವ್ಕಾರ್ರ ಕುಡ ಅಲ್ರಿ," ಎಂದಳು ಕಾಳವ್ವ, "ಮೂಲ್ಯಾಗಿನ ಹಳೇ ಪಟ್ಟಿ ಕಾಯಿಸ್ತೇನಿ. ಕೆಟ್ರ ನಮ್ಮದ ಕೆಡ್ತೈತಿ. ಎತ್ರಿ."

ಬೇರೆ ದಾರಿಯಿಲ್ಲದೆ ಮಾನಪ್ಪ ಘಣ ಹಿಡಿದ. ವಯಸ್ಸಿದ್ದಾಗ ಅಪ್ಪನ ಕೈಕೆಳಗೆ ಎತ್ತಿದವನೇ. ಪಟ್ಟಿ ಬಂತು. ಕಾಳವ್ವ ಟಕ್ ಎಂದಲ್ಲಿ ಅವನು ಹೊಡೆದ. ಒಂದು, ಎರಡು. ಮೂರನೆಯದಕ್ಕೆ ಅವನ ಹುಬ್ಬು ಗಂಟಿಕ್ಕಿತು. ಭುಜ ಬದಲಾಯಿಸಿ ಮತ್ತೆ ಹೊಡೆದ. ಪಟ್ಟಿಯ ಬಣ್ಣ ಇಳಿಯತೊಡಗಿತು. ಕಾಳವ್ವ ಅಂಚಿಗೆ ಎರಡು ಸಲ ಬಡಿದಳು. ಮಾನಪ್ಪನ ಘಣ ನಿಲ್ಲಲಿಲ್ಲ. ಮತ್ತೆ ಎರಡು ಸಲ ಬಡಿದಳು. ಘಣ ಇಳಿದೇಬಿಟ್ಟಿತು. ಪಟ್ಟಿ ಸೀಳಿತು.

"ಎಲಾ! ನಿನ್ನ ಕಿವೀನೂ ಹೋದ್ವೇನೋ?" ಎಂದರು ಕುಬೇರಪ್ಪನವರು. ಈ ಸಲ ಎಲ್ಲರೂ ನಕ್ಕರು.

ಮಾನಪ್ಪ ನಗಲಿಲ್ಲ. ಅವನು ಹೆಂಡತಿಯನ್ನು ಕೇಳಿದ, "ಯಾವಾಗ ಬಡದಿ?"

"ಎರಡ ಸಲ ಬಡದೇನ್ರಿ. ಮೊದಲ್ನೇದಕ್ಕ ನೀವು ನಿಲ್ಲಲಿಲ್ಲ."

ಮಾನಪ್ಪ ಬಲಗೈಯ ಬೆರಳುಗಳನ್ನು ಬಿಚ್ಚಿ ಮುಚ್ಚಿ ನೋಡಿಕೊಂಡ. ರಬ್ಬರಿನ ಹಿಡಿಕೆಯಿದ್ದೂ ಕೈ ಜುಮ್ಮೆನ್ನುತ್ತಿರಬೇಕು. ಘಣ ಕೆಳಗಿಟ್ಟು, ಮಂಡಿಯೂರಿ ಕೂತು, ಒಂದು ಅಂಗೈಯನ್ನು ಅಡಿಗಲ್ಲಿನ ಮೇಲೂ ಇನ್ನೊಂದನ್ನು ಸಿಮೆಂಟಿನ ಕಟ್ಟೆಯ ಮೇಲೂ ಇಟ್ಟ. "ಶಾಕೀರ್, ಸಣ್ಣ ಸುತ್ತಿಗಿಲೆ ಒಂದ ಸಲ ಬಡಿ ಇದಕ್ಕ." ಶಾಕೀರ್ ಬಡಿದ. "ಇನ್ನೊಂದ ಸಲ." ಬಡಿದ.

"ಅಜ್ಜನ ಕಲ್ಲು ಹಿಂಗ ಒದರತಿರಲಿಲ್ಲಲ್ಲ," ಎನ್ನುತ್ತ ಮಾನಪ್ಪ ಎದ್ದು ಒಳಗಿನ ಮೂಲೆಗೆ ಹೋದ. ಅಜ್ಜನ ಅಡಿಗಲ್ಲಿನ ಪಕ್ಕ ಕೂತು, ಕುರಪಿಯಿಂದ ನೆಲ ಕೆದರತೊಡಗಿದ. ವರ್ಷಾನುಗಟ್ಟಲೆಯ ಮಸಿ, ಬೂದಿ ಗಟ್ಟಿಯಾಗಿ ಕೂತಿತ್ತು. ಅದರ ಕೆಳಗೆ ಕಟ್ಟಿಗೆ ಕಂಡಿತು. ಇನ್ನೂ ಕೆದರಿದ. ಆಳವಾಗಿ ಊರಿದ ದಪ್ಪ ಜಾಲಿಯ ಕೊರಡು. ಅಡಿಗಲ್ಲು ಕೂತದ್ದು ಅದರ ಮೇಲೆ.

ಅವನು ಅಲ್ಲೇ ಕೂತು ನಕ್ಕ. ಹೊಟ್ಟೆ ಅಲುಗಾಡುವಂತೆ ನಕ್ಕ.

"ಅಕ್ಕೋರ!" ಎಂದು ರಸ್ತೆಯಾಚೆಗಿದ್ದ ನನ್ನನ್ನು ಕರೆದ. "ಇಲ್ಲಿ ಬರ್ರಿ, ಕಂಬಾರನ ಶಾಣ್ಯಾತನ ನೋಡ್ರಿ. ಇದನ್ನ ಊರಿದಾಂವ ನಮ್ಮಜ್ಜ. ನಮ್ಮಪ್ಪ ಊರಿದ್ದ ಕಲ್ಲಿಗಿ ಬಂದ ಕುಂತ, ನಾನೂ ಊರಿದ್ದ ಕಲ್ಲಿಗಿ ಬಂದ ಕುಂತೆ. ಬುದ್ಧಿ ಬಂದಾಗಿಂದ ಇದರ ಮ್ಯಾಲೆ ಬಡಿಯಾಕತ್ತೇನಿ, ಕೆಳಗ ಏನೈತಿ ಅಂತ ಒಂದ ದಿನ ನೋಡಿಲ್ಲ! ಹೊಸಾದಕ್ಕ ನಾಕ ತೂತು ಅದಾವ, ಬೋಲ್ಟ್ ಬೇಕು. ಬೋಲ್ಟ್ ಅಂದ್ಮ್ಯಾಗ ಸಿಮಿಂಟ್ ಬೇಕು ಅಂತ ತಿಳದೆ."

ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಒಂದು ಮನೆತನಕ್ಕೆ ಅಡಿಗಲ್ಲು ಊರುವ ಸಂದರ್ಭ ಬರುವುದು ಮೂರು ತಲೆಮಾರಿಗೆ ಒಮ್ಮೆ. ಕಲಿಯುವುದು ಯಾರನ್ನು ನೋಡಿ? ಪೆಟ್ಟನ್ನು ಕಟ್ಟಿಗೆ ನುಂಗುತ್ತದೆ. ಸಿಮೆಂಟು ಹಾಗೆಯೇ ತಿರುಗಿ ಕಳಿಸುತ್ತದೆ.

ಮಾನಪ್ಪ ಹೊರಗೆ ಬಂದು ಮಂದಿಯ ನಡುವೆ ನಿಂತ. ನಗು ಇಳಿದಿತ್ತು.

"ಸಾವ್ಕಾರ್ರ, ನಿನ್ನಿ ನೀವು ಒಂದ ಮಾತ ಅಂದ್ರಿ. ನಾ ಸುಮ್ಮನ ನಿಂತೆ. ಸುಮ್ಮನ ನಿಲ್ಲಬಾರದಿತ್ತು. ಅಕಿ ಕಿವಿ ನೆಟ್ಟಗ ಅದಾವ, ಕೈನೂ ನೆಟ್ಟಗ ಐತಿ. ಈ ಸಾಲ್ಯಾಗ ಮಷೀನ್ ಬರೂದಿಲ್ಲ. ಬಂದ್ರ ಅದನ್ನ ಅಕಿ ತರಬೇಕು, ತನಗ ಬೇಕಂತ."

ಕುಬೇರಪ್ಪನವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ನಾ ನಗಚಾಟಿಕಿಗಿ ಅಂದೆನೋ ಮಾರಾಯಾ."

"ನನಗ ಗೊತ್ತೈತ್ರಿ. ಅಕಿಗಿ ಹೇಳ್ರಿ ಅದನ್ನ."

ಅವರು ಕಾಳವ್ವನ ಕಡೆ ತಿರುಗಿದರು. ಟೊಪ್ಪಿಗೆಯನ್ನು ಕೈಯಲ್ಲೇ ಹಿಡಿದು, "ತಂಗೀ, ತಪ್ಪ ತಿಳೀಬ್ಯಾಡ," ಎಂದರು. ಊರಿನಲ್ಲಿ ಅವರು ಯಾರಿಗೂ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಕಾಳವ್ವ ಇಕ್ಕಳವನ್ನು ಮೊಣಕಾಲ ಮೇಲೆ ಇಟ್ಟುಕೊಂಡು, "ಕುಡ ಆದ ಮ್ಯಾಲೆ ನೋಡೂಣು ತೊಗೋರಿ," ಎಂದಳು.

ನವಲಗುಂದದ ಬಸ್ಸು ಬಂದಾಗ ಮಾನಪ್ಪ ನಟ್ಟು ಬಿಚ್ಚಿಸಿ, ಅಡಿಗಲ್ಲನ್ನು ಕೆಳಗಿಳಿಸಿ, ಅದೇ ಘಣದಿಂದ ತನ್ನ ಕೆಂಪು ಕಟ್ಟೆಯನ್ನು ಒಡೆಯುತ್ತಿದ್ದ. ಡ್ರೈವರ್ ಬಸ್ಸು ನಿಧಾನಿಸಿ, "ಯಾಕೋ ಕಂಬಾರಾ, ಮೊನ್ನಿ ಕಟ್ಟಿಸಿದ್ದೆಲ್ಲಾ?" ಎಂದ. "ಮೊನ್ನಿ ಗೊತ್ತಿರಲಿಲ್ರಿ, ಇವತ್ತ ಗೊತ್ತಾತು!" ಎಂದು ಮಾನಪ್ಪ ಕಿಟಕಿಯೊಳಗಿನ ಎಲ್ಲರಿಗೂ ಕೇಳುವ ಹಾಗೆ ಕೂಗಿ, ಮತ್ತೊಂದು ಪೆಟ್ಟು ಹಾಕಿದ. ಅಡಿಗಲ್ಲು ತಂದ ದಿನ ಎಷ್ಟು ಎದೆ ಉಬ್ಬಿಸಿ ನಿಂತಿದ್ದನೋ ಈಗಲೂ ಅಷ್ಟೇ ಉಬ್ಬಿಸಿದ್ದ.

ಸಂಜೆಯ ಮುಂದೆ ಶಾಕೀರ್ ತನ್ನ ಅಂಗಡಿಯ ಟೆಂಪೋದಲ್ಲಿ ಒಂದು ಜಾಲಿಯ ಕೊರಡು ತಂದು ಇಳಿಸಿದ. ಯಾರೂ ಅವನಿಗೆ ಹೇಳಿರಲಿಲ್ಲ. "ಹಿತ್ತಲದಾಗ ಸುಮ್ನ ಬಿದ್ದಿತ್ತು ಕಾಕಾ," ಎಂದ. ಆ ಕೊರಡು ನನಗೆ ಗೊತ್ತಿತ್ತು. ಅವನ ತಾಯಿ ಹಲೀಮಾಬಿ ಅದನ್ನು ಹೊಸ ಮನೆಯ ಹೊಸ್ತಿಲಿಗೆಂದು ನೆರಳಲ್ಲಿಟ್ಟು, ಹುಳು ಹತ್ತಬಾರದೆಂದು ಎಣ್ಣೆ ಸವರಿಸಿದ್ದಳು. ನಾನು ಶಾಕೀರನ ಮುಖ ನೋಡಿದೆ. ಅವನು ಹುಬ್ಬು ಏರಿಸಿ, ಹೇಳಬೇಡಿ ಎಂಬಂತೆ ತಲೆಯಾಡಿಸಿದ. ನಾನೂ ಹೇಳಲಿಲ್ಲ.

ಕುಣಿ ತೋಡಿದರು. ಶಾಕೀರ್ ಕಟರ್ ಹಿಡಿದು, "ಎಷ್ಟ ಎತ್ತರಕ್ಕ ಕೊಯ್ಯಲಿ?" ಎಂದ.

"ಅಜ್ಜನ ಕಲ್ಲಿನ ಅಳತಿಗೇ ಕೊಯ್ಯಿ," ಎಂದು ಮಾನಪ್ಪ ಗೇಣು ಹಾಕಲು ಬಗ್ಗಿದ. ಬಗ್ಗಿದವನು ಹಾಗೆಯೇ ಮೇಲೆ ನೋಡಿದ. ಅಜ್ಜನ ಕಲ್ಲು ಕೂತವನಿಗೆ ತಕ್ಕಂತೆ ತಗ್ಗಿನಲ್ಲಿತ್ತು. ನಿಂತು ಘಣ ಎತ್ತುವವಳು ಪ್ರತಿ ಪೆಟ್ಟಿಗೂ ಸೊಂಟ ಬಗ್ಗಿಸಬೇಕಿತ್ತು.

"ಬಾರಬೇ ಇಲ್ಲಿ," ಎಂದ. "ನೆಟ್ಟಗ ನಿಂದ್ರು. ಕೈ ಕೆಳಗ ಬಿಡು. ಮುಷ್ಟಿ ಮಾಡು."

ಕಾಳವ್ವ ನಿಂತಳು. ಅವಳ ಮುಷ್ಟಿ ಎಲ್ಲಿಗೆ ಬಂತೋ ಅಲ್ಲಿಗೆ ಅಡಿಗಲ್ಲಿನ ಮೈ ಬರುವಂತೆ ಲೆಕ್ಕ ಹಾಕಿ, ಸುಣ್ಣದ ಕಡ್ಡಿಯಿಂದ ಕೊರಡಿನ ಮೇಲೆ ಗೆರೆ ಎಳೆದ.

"ಇಷ್ಟ ಮ್ಯಾಲೆ ಆದ್ರ ನೀವು ಹೆಂಗ ಕುಂಡ್ರತೀರಿ?" ಎಂದಳು.

"ನಾ ಮಣಿ ಕೆಳಗ ಎರಡ ಹಲಗಿ ಹಾಕ್ಕೋತೇನಿ. ಕುಂಡ್ರಾವ ಎಲ್ಲಿ ಬೇಕಾದ್ರೂ ಕುಂಡ್ರತಾನ."

ಅವಳು ಒಳಗೆ ಹೋಗಿ ಎಲ್ಲರಿಗೂ ಚಹಾ ಮಾಡಿದಳು. ಮಾನಪ್ಪನ ಕಪ್ಪನ್ನು ಮಾತ್ರ ಕೈಯಲ್ಲೇ ಹಿಡಿದು, ಅವನು ಮಣ್ಣಿನ ಕೈ ತೊಳೆಯುವವರೆಗೆ ನಿಂತಿದ್ದಳು.

ಕೊರಡಿಗೆ ಕಬ್ಬಿಣದ ಪಟ್ಟಿ ಕಾಯಿಸಿ ತೊಡಿಸಿದರು. ಕುಣಿಯಲ್ಲಿಟ್ಟು ಸುತ್ತ ಗರಸುಮಣ್ಣು ಹಾಕಿ ಬಡಿದು ಗಟ್ಟಿ ಮಾಡಿದರು. ಅಡಿಗಲ್ಲನ್ನು ಅದರ ಮೇಲೆ ಕೂರಿಸಿ ಉದ್ದನೆಯ ಮೊಳೆ ಬಡಿದು ಭದ್ರಪಡಿಸಿದರು. ಬಸ್ಸಿನವರಿಗೆ ಈಗಲೂ ಅದು ಕಾಣುತ್ತಿತ್ತು. ಆ ಆಸೆಯನ್ನು ಮಾನಪ್ಪ ಬಿಟ್ಟಿರಲಿಲ್ಲ. ಕಾಳವ್ವನ ಕೈಯ ಬಾವು ಇಳಿಯಲೆಂದು ಅವನು ಬುಧವಾರ ಬೆಂಕಿಯನ್ನೇ ಹೂಡಲಿಲ್ಲ. ಕೇಳಿದವರಿಗೆ ಇದ್ದಿಲು ಹಸಿಯಾಗಿದೆ ಎಂದ. ಮಳೆಗೆ ನೆನೆಯದಿರಲೆಂದು ಅವನೇ ತಂದಿಟ್ಟ ಇದ್ದಿಲು ನಮ್ಮ ಪಡಸಾಲೆಯಲ್ಲೇ ಇತ್ತು, ಒಣಗಿ ಗರಿಗರಿಯಾಗಿ.

ಗುರುವಾರ ಕುಬೇರಪ್ಪನವರು ತಾವೇ ಹೊಸ ಕಮಾನ್ ಪಟ್ಟಿ ತಂದರು. ಮಾನಪ್ಪ ಕೈ ಚಾಚಿದ. ಅವರು ಅವನನ್ನು ದಾಟಿ ಹೋಗಿ ಪಟ್ಟಿಯನ್ನು ಕಾಳವ್ವನ ಕೈಗೆ ಕೊಟ್ಟರು. ಅವಳು ಅದನ್ನು ಒಮ್ಮೆ ಬಾಗಿಸಿ ನೋಡಿ, "ಚೊಲೋ ಮಾಲ ತಂದೀರಿ," ಎಂದು ಬೆಂಕಿಗೆ ಹಾಕಿದಳು.

ಕೆಲಸ ಶುರುವಾಯಿತು. ಸಪ್ಪಳ ಈಗ ಗಟ್ಟಿಯಾಗಿ, ಗಿಡ್ಡಾಗಿ ಬರುತ್ತಿತ್ತು. ಮಾನಪ್ಪನ ಟಕ್ ನಮ್ಮ ಕಟ್ಟೆಗೂ ಬೇರೆಯಾಗಿ ಕೇಳುತ್ತಿತ್ತು. ಘಣ ಬೀಳುವುದು, ಒಂದು ಕ್ಷಣ ಕೂರುವುದು, ಏಳುವುದು. ಕಾಳವ್ವನ ಸೊಂಟ ನೆಟ್ಟಗಿತ್ತು. ಅಲಗು ಅಗಲವಾಗುತ್ತ, ತೆಳ್ಳಗಾಗುತ್ತ, ಅಡಿಗಲ್ಲಿನ ಸಪಾಟು ಮೈಮೇಲೆ ಅಂಕುಡೊಂಕಿಲ್ಲದೆ ಚಾಚಿಕೊಂಡಿತು. ಕೆಂಪು ಕಂದಿತು. ಅಂಚಿಗೆ ಟಕ್ ಟಕ್. ಅವಳ ಘಣ ತಲೆಯ ಮೇಲೆಯೇ ನಿಂತಿತು.

ಹೀಗೆ ಮತ್ತೆ ಮತ್ತೆ ಕಾಯಿಸಿ, ಮತ್ತೆ ಮತ್ತೆ ಬಡಿದು, ಕೊನೆಗೆ ನೀರಿಗೆ ಅದ್ದಿ ತೆಗೆದಾಗ ಕುಬೇರಪ್ಪನವರು ಅಲಗಿನ ಬಾಯಿಗೆ ಉಗುರು ಆಡಿಸಿ ನೋಡಿದರು. "ಅಣ್ಣಿಗೇರ್ಯಾಗ ಇಂಥಾದ್ದು ಸಿಗಲಿಕ್ಕಿಲ್ಲ," ಎಂದರು. ಅವರ ಹಿಂದೆ ಕುಡ ಹಿಡಿದ ಇಬ್ಬರು, ಕುರಪಿಗಳ ಗಂಟು ಹಿಡಿದ ಹೆಣ್ಣುಮಕ್ಕಳು ಕಾಯುತ್ತಿದ್ದರು. ಅವರಲ್ಲಿ ಕೆಲವರು ಹೋದ ವರ್ಷ ಈ ಸಾಲಿಯ ಮೆಟ್ಟಿಲು ಹತ್ತದವರು.

ಮಾನಪ್ಪ ಹಲಗೆಗಳ ಮೇಲಿಟ್ಟ ತನ್ನ ಎತ್ತರದ ಮಣೆಯಿಂದ ಎಲ್ಲರನ್ನೂ ನೋಡಿದ. "ನೋಡ್ರಿ, ಅಡಗಲ್ಲ ಅಂದ್ರ ಸುಮ್ನ ಅಲ್ಲ," ಎಂದು ಶುರು ಮಾಡಿದ. "ಹುಬ್ಬಳ್ಳ್ಯಾಗ ಅಂಥಾವು ಸಾಲಿಟ್ಟು ನಿಂದರ್ಸಿದ್ರು. ಒಂದೊಂದಕ್ಕ ಕಿವಿ ಹಚ್ಚಿ ಕೇಳೇನಿ. ಕಲ್ಲು ಆರ್ಸೂದು ಒಂದ ವಿದ್ಯಾ. ಊರೂದು ಇನ್ನೊಂದ ವಿದ್ಯಾ, ಅದನ್ನೂ ಈಗ ಕಲ್ತೇನಿ. ಆದ್ರ ಎತ್ತರ ಐತೆಲ್ಲಾ, ಅದು—"

ಕಾಳವ್ವ ಮುಂದಿನ ಕುಡವನ್ನು ಬೆಂಕಿಯಿಂದ ಎಳೆದು ಅವನ ಇಕ್ಕಳದ ಮುಂದೆ ಹಿಡಿದಳು.

"ಮಾತ ಆಮ್ಯಾಲ ಆಡೂಣು ಬರ್ರಿ," ಎಂದಳು. "ಕಬ್ಬಿಣ ಆರಾಕತೈತಿ."